ವೈರಸ್ಸಿಗೆ ಹಂಚಿದ ಕೊಬ್ಬರಿ ಮಿಠಾಯಿ

ಕೊಬ್ಬರಿ ವಾಸನೆಗೆ ಹೊಟ್ಟೆ ತೊಳಸುವ ಹೆಂಗಸು ನಮ್ಮ ಹಾಸನ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಹೋದ ತಿಂಗಳು ತಂಗಿಯ ಮನೆಯಿಂದ ಬರುವಾಗ ಅರಸೀಕೆರೆಯಲ್ಲಿ ರೈಲು ಇಳಿದೆ. ಮಳೆ ಬಂದು ಆಗಷ್ಟೇ ನಿಂತಿತ್ತು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಮಂಡಿಯ ಕಡೆಯಿಂದ ಗಾಳಿ ಬೀಸಿತು. ಒಣಗಿದ ಕೊಬ್ಬರಿ, ಒದ್ದೆ ಗೋಣಿಚೀಲ, ಎಣ್ಣೆಯ ಜಿಡ್ಡು ಎಲ್ಲ ಸೇರಿದ ವಾಸನೆ. ಮುಂದೆ ಹೋಗುತ್ತಿದ್ದ ಒಬ್ಬರು ನಿಂತು ಖುಷಿಯಿಂದ ಉಸಿರೆಳೆದುಕೊಂಡರು. ನಾನು ಸೆರಗನ್ನು ಮೂಗಿಗೆ ಹಿಡಿದು ಬಿರಬಿರನೆ ನಡೆದೆ. ಇಪ್ಪತ್ತು ವರ್ಷದ ಮೇಲಾಯಿತು. ಆವತ್ತು ಆ ಊರಿನಲ್ಲಿ ನಾನು ಕಂಡದ್ದಕ್ಕೆ ಇವತ್ತಿಗೂ ನನಗೆ ಸಮಾಧಾನವಾಗಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಡಿಗ್ರಿ ಮುಗಿಸಿದ್ದ ನಾನು ಹಗರೆಯ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಬೇಲೂರಿಗೆ ಹೋಗಿ ರತ್ನಕ್ಕನ ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ರತ್ನಕ್ಕ ಮೊದಲು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಕಾಲ ಬದಲಾಯಿತೆಂದು ಟೈಪ್‌ರೈಟರುಗಳನ್ನು ತೆಗೆದು ಅದೇ ಮೇಜುಗಳ ಮೇಲೆ ನಾಲ್ಕು ಕಂಪ್ಯೂಟರ್ ತಂದಿಟ್ಟಿದ್ದರು. ಅವಕ್ಕೆ ಕಸೂತಿ ಹಾಕಿದ ಹೊದಿಕೆ ಹೊಲಿದಿದ್ದರು. ಚಪ್ಪಲಿ ಹಾಕಿಕೊಂಡು ಒಳಗೆ ಬಂದವರನ್ನು, ತಾಲ್ಲೂಕು ಕಚೇರಿಯ ಸಾಹೇಬರಾದರೂ ಸರಿ, ಬಾಗಿಲಿಗೆ ವಾಪಸು ಕಳಿಸುತ್ತಿದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಮದುವೆ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಕರಪತ್ರ, ಹೀಗೆ ಕೆಲಸ ಬರುತ್ತಲೇ ಇತ್ತು. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ಗೋಡೆಯೆಲ್ಲ ತೇವ, ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂಬುದು ನಮಗೆ ಹೊಸ ಸಂಗತಿಯೇನೂ ಆಗಿರಲಿಲ್ಲ. ಯಾರೋ ತಂದ ಫ್ಲಾಪಿಯಿಂದ ಬರುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಉದುರುತ್ತಿದ್ದವು, ಫೈಲುಗಳ ಹೆಸರು ಬದಲಾಗುತ್ತಿತ್ತು. ಆಗೆಲ್ಲ ಉಮೇಶ ಬರುತ್ತಿದ್ದ. ಅರಸೀಕೆರೆಯ ಡೀಲರೊಬ್ಬರ ಹತ್ತಿರ ವೈರಸ್ ತೆಗೆಯುವ ಸಾಫ್ಟ್‌ವೇರ್ ಮಾರುವ ಹುಡುಗ. ನಗುಮುಖ, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲಿ ಬ್ಯಾಗು. ಬಂದವನು ತನ್ನ ಫ್ಲಾಪಿ ಹಾಕಿ ಆ ಸಲದ ವೈರಸ್ಸನ್ನು ತೆಗೆದುಕೊಡುತ್ತಿದ್ದ. 'ಪೂರ್ತಿ ಪ್ಯಾಕೇಜ್ ತಗೊಳ್ಳಿ ಅಕ್ಕ, ಮತ್ತೆ ಬರೋದೇ ಇಲ್ಲ' ಎನ್ನುತ್ತಿದ್ದ. ರತ್ನಕ್ಕ ಅವನಿಗೆ ಕಾಫಿ ಕೊಡುತ್ತಲೇ ಬೈಯುತ್ತಿದ್ದರು.

'ಏನೋ ಉಮೇಶ, ರೋಗ ಬಿಡೋರೂ ನೀವೇ, ಔಷಧಿ ಮಾರೋರೂ ನೀವೇ ಅಂತೆ? ಪಂಚರ್ ಅಂಗಡಿಯೋನು ಹೋಗಿ ರೋಡಲ್ಲಿ ಮೊಳೆ ಚೆಲ್ಲಿ ಬಂದಂಗೆ?'

'ದೇವರಾಣೆ ಇಲ್ಲ ಅಕ್ಕ. ಅದನ್ನ ಯಾರೋ ಎಲ್ಲೋ ಹೊರದೇಶದೋರು ಕಿತಾಪತಿಗೆ ಮಾಡ್ತಾರೆ. ನಾವು ಹಿಂದೆ ಓಡ್ಕೊಂಡು ಹೋಗಿ ಹಿಡೀಬೇಕು.'

'ಅದು ಬರದೇ ಹೋದ್ರೆ ನಿನ್ನ ಗತಿ ಏನೋ?'

ಉಮೇಶ ನಗುತ್ತಿದ್ದ. ನಾನು ಅವನ ಪರ ವಹಿಸುತ್ತಿದ್ದೆ. ಜ್ವರ ಬಂದರೆ ಡಾಕ್ಟರಿಗೆ ಲಾಭ ನಿಜ, ಹಾಗೆಂದು ಡಾಕ್ಟರೇ ಜ್ವರ ಹಂಚಿದರು ಎನ್ನುವುದಕ್ಕೆ ಆಗುತ್ತದೆಯೇ ಎಂದು ರತ್ನಕ್ಕನ ಹತ್ತಿರ ವಾದ ಹೂಡುತ್ತಿದ್ದೆ. 'ನೀನು ಓದಿದೋಳು ಕಣೇ, ನಿನ್ನತ್ರ ನಾನೆಲ್ಲಿ ಗೆಲ್ಲಲಿ' ಎಂದು ಅವರು ಮೂತಿ ತಿರುಗಿಸುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ, ಕೊಡೆ ಮಡಿಸಿ ಮೆಟ್ಟಿಲ ಮೇಲೆ ನೀರು ಕೊಡವುತ್ತಾ ಶಿವನಂಜಪ್ಪನವರು ಬಂದರು. ಹಳೇಬೀಡಿನ ದೇವಸ್ಥಾನದಲ್ಲಿ ಮೂವತ್ತು ವರ್ಷದಿಂದ ಗೈಡ್ ಕೆಲಸ ಮಾಡುತ್ತಿದ್ದವರು. ನಾನು ಶಾಲೆಯಲ್ಲಿದ್ದಾಗ ಪ್ರವಾಸ ಹೋಗಿ ಅವರ ಮಾತು ಕೇಳಿದ್ದೆ. ಆಗ ದೇವಸ್ಥಾನದ ಈ ತುದಿಯಲ್ಲಿ ನಿಂತು ಮಾತಾಡಿದರೆ ಆ ತುದಿಗೆ ಕೇಳುವ ಗಂಟಲು. ಈಗ ಪಕ್ಕದಲ್ಲಿ ಕುಳಿತರೂ ಕಿವಿಗೊಟ್ಟು ಕೇಳಬೇಕಾಗಿತ್ತು, ಮಾತಿನ ನಡುವೆ ಗೊರಗೊರ ಶಬ್ದ.

'ಗಂಟಲಲ್ಲಿ ಗಂಟು ಐತೆ ಅಂದ್ರು ಕಣವ್ವ ಮೈಸೂರಲ್ಲಿ' ಎಂದರು. 'ಭಾದ್ರಪದದಲ್ಲಿ ಆಪರೇಶನ್ನು. ಮಾತಿನ ಪೆಟ್ಟಿಗೇನೇ ತೆಗೀತಾರಂತೆ. ಜೀವ ಉಳೀತದೆ, ಮಾತು ಉಳಿಯಾಕಿಲ್ಲ ಅಂದವ್ರೆ. ಅದ್ಕೇ ಇರೋ ಮಾತ್ನೆಲ್ಲ ನಿನ್ನತ್ರ ಇಟ್ಟು ಹೋಗಾನ ಅಂತ ಬಂದೆ.'

ಅವರ ಯೋಚನೆ ಸರಳವಾಗಿತ್ತು. ಗುಡಿಯಲ್ಲಿ ಜನರಿಗೆ ತಾವು ಹೇಳುತ್ತಿದ್ದದ್ದನ್ನೆಲ್ಲ ನನ್ನಿಂದ ಟೈಪ್ ಮಾಡಿಸಿ ಒಂದು ಪುಸ್ತಕ ಮಾಡುವುದು. ಆಪರೇಶನ್ ಆದ ಮೇಲೂ ದೇವಸ್ಥಾನಕ್ಕೆ ಹೋಗುವುದು, ಬಂದವರ ಕೈಗೆ ಪುಸ್ತಕ ಕೊಟ್ಟು ತಾವು ಕೋಲಿನಿಂದ ತೋರಿಸುತ್ತಾ ಮುಂದೆ ಮುಂದೆ ನಡೆಯುವುದು. 'ನಾನು ತೋರುಸ್ತೀನಿ, ಅವ್ರು ಓದ್ಕೊತಾರೆ. ನಮ್ ಕಸುಬು ನಡೀತದೆ' ಎಂದರು. ಮನೆಯಲ್ಲಿ ಕೂತು ಉಣ್ಣುವುದು ಅವರಿಗೆ ಬೇಡವಾಗಿತ್ತು. ಹಾಗೆ ಕೂತರೆ ಆರು ತಿಂಗಳೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನಮಗೂ ಕಾಣುತ್ತಿತ್ತು.

ಆ ಮಳೆಗಾಲವೆಲ್ಲ ಅವರು ಹಳೇಬೀಡಿನಿಂದ ಬಸ್ಸು ಹತ್ತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬರೆದಿಟ್ಟ ಕಾಗದ ಒಂದೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ದೇವಸ್ಥಾನದ ಸುತ್ತ ಮನಸ್ಸಿನಲ್ಲೇ ನಡೆಯುತ್ತಿದ್ದರು, ಕಂಡದ್ದನ್ನು ಹೇಳುತ್ತಿದ್ದರು, ನಾನು ಕುಟ್ಟುತ್ತಿದ್ದೆ. ರಾಜರು ಎಷ್ಟು ವರ್ಷ ಆಳಿದರು ಎಂಬುದೆಲ್ಲ ಅವರಿಗೆ ಅಷ್ಟಕ್ಕಷ್ಟೆ. ಕೆಳಗಿನ ಸಾಲಿನ ಆನೆಗಳಲ್ಲಿ ಯಾವುದು ಮುಂದಿನ ಆನೆಯ ಬಾಲ ಹಿಡಿದಿದೆ, ಯಾವುದಕ್ಕೆ ಹಸಿವಾಗಿದೆ, ಕೈಲಾಸ ಎತ್ತುತ್ತಿರುವ ರಾವಣನ ಯಾವ ತೋಳು ಸೋತಿದೆ, ಶರಶಯ್ಯೆಯ ಮೇಲಿನ ಭೀಷ್ಮನ ಸುತ್ತ ನಿಂತವರಲ್ಲಿ ನಿಜವಾಗಿ ಅಳುತ್ತಿರುವವರು ಯಾರು, ಇಂಥವೇ ಮಾತು. ಹುಲಿಕೆರೆಯ ಕೊಳದ ಮೆಟ್ಟಿಲುಗಳಲ್ಲಿ ಎಲ್ಲಿ ಕುಳಿತರೆ ಬೇಸಿಗೆಯಲ್ಲೂ ತಂಪು ಎಂಬುದನ್ನೂ ಬಿಡಲಿಲ್ಲ. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಕೆಲಸ ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದರು, ರತ್ನಕ್ಕ ಗದರುತ್ತಾ ತಾವೂ ನಿಲ್ಲುತ್ತಿದ್ದರು. ಒಂದೊಂದು ದಿನ ಗಂಟಲು ಪೂರಾ ಕಟ್ಟಿ ಏನೂ ಹೊರಡುತ್ತಿರಲಿಲ್ಲ. ಆಗ ಬಿಸಿನೀರು ಕುಡಿದು, ಸುಮ್ಮನೆ ಕೂತಿದ್ದು, ಮತ್ತೆ ಶುರು ಮಾಡುತ್ತಿದ್ದರು. ಗೌರಿಹಬ್ಬದ ಹೊತ್ತಿಗೆ ಕೊನೆಯ ಗೋಡೆ ಮುಗಿಯಿತು. 'ಸಾಕು ಕಣವ್ವ, ಇನ್ನು ಕುಯ್ಯಲಿ' ಎಂದು ಕುತ್ತಿಗೆ ಸವರಿಕೊಂಡು ನಕ್ಕರು. ಅದರ ಮಾರನೆ ವಾರ ಮೈಸೂರಿಗೆ ಹೋದರು.

ಆಪರೇಶನ್ ಚೆನ್ನಾಗಿ ಆಯಿತೆಂದು ಸುದ್ದಿ ಬಂತು. ಪುಸ್ತಕವನ್ನು ದೀಪಾವಳಿಗೆ ಪ್ರಿಂಟಿಗೆ ಕೊಡುವುದೆಂದು ಮಾತಾಗಿತ್ತು. ನಾನು ಬಿಡುವಾದಾಗ ತಪ್ಪು ತಿದ್ದುತ್ತಿದ್ದೆ. ಕಾಗದದ ಮೇಲೆ ತೆಗೆಯುವುದು ಎಲ್ಲ ತಿದ್ದಿಯಾದ ಮೇಲೆಯೇ ಎಂಬುದು ಸೆಂಟರಿನ ಪದ್ಧತಿ. ಫ್ಲಾಪಿಯಲ್ಲಿ ಒಂದು ಪ್ರತಿ ಇತ್ತು. ಆದರೆ ಆ ಮಳೆಗೆ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದು, ಹತ್ತು ಹಾಕಿದರೆ ಒಂದು ಓದಿದರೆ ನಮ್ಮ ಪುಣ್ಯ.

ದಸರಾಕ್ಕೆ ಒಂದು ವಾರವಿದೆ ಎನ್ನುವಾಗ ಉಮೇಶ ಬಂದ. ವೈರಸ್ಸಿನ ಉಪದ್ರವವೇನೂ ಇರಲಿಲ್ಲ, ನಾವು ಕರೆದೂ ಇರಲಿಲ್ಲ. ಆವತ್ತು ಅವನ ಮಾತಿನಲ್ಲಿ ಏನೋ ಅವಸರವಿತ್ತು.

'ಅಕ್ಕ, ಪ್ಯಾಕೇಜ್ ಹಬ್ಬಕ್ಕೆ ಮುಂಚೆ ಹಾಕಿಸ್ಕೊಂಡುಬಿಡಿ.'

'ಹಬ್ಬ ಕಳೀಲಿ ಬಾರೋ. ಎಲ್ಲಾ ಖರ್ಚು ಒಟ್ಟಿಗೇ ತಂದು ತಲೆ ಮೇಲೆ ಹಾಕ್ಬೇಡ.'

'ಹಬ್ಬಕ್ಕೆ ಮುಂಚೇನೇ ಒಳ್ಳೇದು ಅಕ್ಕ.'

'ಯಾಕೆ, ಪಂಚಾಂಗ ನೋಡ್ಕೊಂಡು ಬಂದ್ಯಾ?'

ಅವನು ಬಾಗಿಲ ತನಕ ಹೋದವನು ತಿರುಗಿ ನಿಂತ. ನನ್ನ ಮುಖ ನೋಡಿದ, ಕಂಪ್ಯೂಟರುಗಳನ್ನು ನೋಡಿದ. ಏನಾದರೂ ಮರೆತೆಯಾ ಎಂದು ಕೇಳಿದೆ. ಇಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಆಯುಧಪೂಜೆಯ ದಿನ ನಮ್ಮ ಕಡೆ ಯಾರೂ ಹತಾರ ಮುಟ್ಟುವುದಿಲ್ಲ. ನೇಗಿಲು, ಕುಡುಗೋಲು, ಹೊಲಿಗೆ ಮೆಶಿನ್ನು, ಎಲ್ಲವಕ್ಕೂ ಆವತ್ತು ವಿಶ್ರಾಂತಿ. ಅವನ್ನು ತೊಳೆದು, ಕುಂಕುಮವಿಟ್ಟು, ಕೈಮುಗಿದು ಸುಮ್ಮನೆ ಇಡುವುದೇ ಪೂಜೆ. ನಾವೂ ಕೆಲಸ ಇಟ್ಟುಕೊಂಡಿರಲಿಲ್ಲ. ಕಂಪ್ಯೂಟರುಗಳಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬಾಗಿಲಿಗೆ ಬಾಳೆಕಂದು ಕಟ್ಟಿದೆವು. ರತ್ನಕ್ಕ ರೇಷ್ಮೆ ಸೀರೆಯುಟ್ಟು ಮಂಗಳಾರತಿ ತಟ್ಟೆ ಹಿಡಿದು ನಿಂತರು. ಪರದೆಗಳೆಲ್ಲ ಕಪ್ಪಗಿದ್ದವು. ಅವರಿಗೆ ಅದು ಸರಿಬರಲಿಲ್ಲ.

'ಕತ್ತಲೆ ಮುಖಕ್ಕೆ ಯಾರಾದ್ರೂ ಆರತಿ ಎತ್ತಾರೇನ್ರೇ? ಹಾಕ್ರೇ ಸ್ವಿಚ್ಚು. ಎಲ್ಲದರಲ್ಲೂ ಸರಸ್ವತಿ ಫೋಟೋ ಬರ್ಲಿ.'

ಹುಡುಗಿಯರು ಉತ್ಸಾಹದಿಂದ ನಾಲ್ಕೂ ಕಂಪ್ಯೂಟರ್ ಆನ್ ಮಾಡಿದರು. ಸರಸ್ವತಿ ಬರಲಿಲ್ಲ. ಒಂದು ಕ್ಷಣ ಏನೋ ಬಿಳಿ ಅಕ್ಷರ ಬಂತು, ಒಳಗೆ ಡಿಸ್ಕು ಗರಗರ ತಿರುಗಿತು, ಆಮೇಲೆ ನಾಲ್ಕೂ ಪರದೆ ಸತ್ತ ಹಾಗೆ ನಿಂತವು. ಕರ್ಪೂರ ಉರಿಯುತ್ತಲೇ ಇತ್ತು. ಕರೆಂಟಿನ ಕಾಟವೆಂದು ರತ್ನಕ್ಕ ಬೈದುಕೊಂಡು ಆರತಿ ಮುಗಿಸಿದರು. ನನಗೆ ಮಾತ್ರ ಅದು ಕರೆಂಟಿನದೆಂದು ಅನ್ನಿಸಲಿಲ್ಲ. ಮಾರನೆ ದಿನ ಏನೆಲ್ಲ ಮಾಡಿ ನೋಡಿದೆ. ಡಿಸ್ಕಿನಲ್ಲಿ ಏನೆಂದರೆ ಏನೂ ಇರಲಿಲ್ಲ. ಶಿವನಂಜಪ್ಪನವರ ಫ್ಲಾಪಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹಾಕಿದೆ. ಅದು ಕಿರುಗುಟ್ಟಿತೇ ಹೊರತು ಒಂದಕ್ಷರ ಕೊಡಲಿಲ್ಲ. ಬೇರೆ ಕೆಲಸವನ್ನೆಲ್ಲ ಮತ್ತೆ ಟೈಪ್ ಮಾಡಬಹುದಿತ್ತು. ಇದನ್ನು ಮತ್ತೆ ಹೇಳುವವರು ಎಲ್ಲಿದ್ದರು?

ಎರಡು ದಿನ ಬಿಟ್ಟು ಶಿವನಂಜಪ್ಪನವರ ಮಗ ಬೇಲೂರಿಗೆ ಬಂದವನು, ಪುಸ್ತಕ ಎಲ್ಲಿಗೆ ಬಂತೆಂದು ಅಪ್ಪ ಕೇಳುತ್ತಿದ್ದಾರೆ ಎಂದ. ರತ್ನಕ್ಕನಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ. 'ಕಂಪ್ಯೂಟರಿಗೆ ಒಂಚೂರು ಹುಷಾರಿಲ್ಲ ಕಣಪ್ಪ, ವೈರಸ್ ಬಂದೈತೆ, ಔಷಧಿ ತರ್ಸಬೇಕು ಅಂತ ಹೇಳು' ಎಂದು ಕಳಿಸಿದರು. ಅವನು ತಲೆಯಾಡಿಸಿ ಹೋದ.

ಕಳೆದುಹೋದದ್ದನ್ನು ತೆಗೆಯುವ ದಾರಿ ಉಮೇಶನ ಡೀಲರಿಗೆ ಗೊತ್ತಿದ್ದರೂ ಗೊತ್ತಿರಬಹುದೆಂದು ನಾನು ಪುಸ್ತಕವಿದ್ದ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ಅರಸೀಕೆರೆಯ ಬಸ್ಸು ಹತ್ತಿದೆ. ಬಸ್ಸು ಹಳೇಬೀಡಿನಲ್ಲಿ ನಿಂತಾಗ ಶಿವನಂಜಪ್ಪನವರು ಕಂಡುಬಿಟ್ಟಾರೆಂದು ಮುಖ ತಗ್ಗಿಸಿ ಕುಳಿತಿದ್ದೆ. ಜಾವಗಲ್ ದಾಟಿದ ಮೇಲೆ ಸೋನೆ ಹಿಡಿಯಿತು. ಟವೆಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ಸೆರಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೂಸೇನೋ ಎಂದು ಬಗ್ಗಿ ನೋಡಿದಳು.

ಡೀಲರ್ ಗಂಗಾಧರಪ್ಪನವರ ಆಫೀಸು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ನಗು, ಗದ್ದಲ. ಒಳಗೆ ಉಮೇಶನಂಥ ಹುಡುಗರು ಹಲವರಿದ್ದರು. ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಮೇಜಿನ ಮೇಲೆ ತಟ್ಟೆಯ ತುಂಬ ಕೊಬ್ಬರಿ ಮಿಠಾಯಿ. ಹಬ್ಬದ ಸಿಹಿ ಇನ್ನೂ ಮುಗಿದಿಲ್ಲವೆಂದುಕೊಂಡೆ. ಗಂಗಾಧರಪ್ಪ ದಪ್ಪ ಮನುಷ್ಯ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಬಾಯ್ತುಂಬ ಮಾತಾಡಿಸಿದರು.

'ಬನ್ನಿ ಬನ್ನಿ ತಾಯಿ. ಬೇಲೂರಾ? ಮೊದ್ಲು ಬಾಯಿ ಸಿಹಿ ಮಾಡ್ಕೊಳ್ಳಿ. ಈ ವೈರಸ್ಸು ನಮ್ಮನ್ನ ಕಾಪಾಡ್ತು ಕಣ್ರೀ. ಮೂರು ತಾಲ್ಲೂಕಿಂದ ಫೋನು ಬತ್ತಾ ಐತೆ. ಬೆಂಗಳೂರಿಂದ ಕಂಪನಿಯೋರೇ ಫೋನ್ ಮಾಡಿ ಶಭಾಷ್ ಅಂದ್ರು.'

ಒಂದು ತುಂಡು ನನ್ನ ಕೈಗಿಟ್ಟರು. ನಾನು ಅದನ್ನು ಬಾಯಿಗೂ ಹಾಕಿಕೊಂಡಿದ್ದೆ. ಅವರು ಹೇಳಿದ್ದು ತಲೆಗೆ ಹೋದದ್ದು ಆಮೇಲೆ.

ಡಿಸ್ಕನ್ನು ಬಿಚ್ಚಿಟ್ಟು ವಿಷಯ ಹೇಳಿದೆ. ಅವರು ಅದನ್ನು ಮುಟ್ಟಲೂ ಇಲ್ಲ. 'ಇದು ಹೋಯ್ತು ಬಿಡಿ. ಈ ವೈರಸ್ಸು ಆ ದಿವಸ ಆನ್ ಮಾಡಿದ ಮೆಶಿನ್ನಲ್ಲಿ ಏನೂ ಉಳಿಸಾಕಿಲ್ಲ. ಅದು ಅಷ್ಟೊತ್ತಿಗೇ ಎಷ್ಟೋ ತಿಂಗಳಿಂದ ನಿಮ್ಮೊಳಗೇ ಕೂತಿರ್ತದೆ. ತಾರೀಕು ಕಾಯ್ತಾ ಇರ್ತದೆ, ಅಷ್ಟೆ.'

'ತಾರೀಕು?' ಎಂದೆ. 'ತಾರೀಕು ನಿಮಗೆ ಮೊದಲೇ ಗೊತ್ತಿತ್ತಾ?'

'ಗೊತ್ತಿಲ್ದೆ? ಕಂಪನಿ ಸರ್ಕ್ಯುಲರ್ ಆಷಾಢದಲ್ಲೇ ಬಂದಿತ್ತು.'

'ಆ ದಿನ ಆನ್ ಮಾಡದೇ ಇದ್ದಿದ್ದರೆ?'

'ಏನೂ ಆಗ್ತಿರ್ಲಿಲ್ಲ.'

ಅಷ್ಟು ಸಲೀಸಾಗಿ ಹೇಳಿದರು. ಆವತ್ತು ನಮಗೆ ಕೆಲಸವೇ ಇರಲಿಲ್ಲ. ಹೊದಿಕೆ ಮುಚ್ಚಿಕೊಂಡೇ ಪೂಜೆ ಮಾಡಿಸಿಕೊಳ್ಳಬಹುದಾಗಿದ್ದ ಕಂಪ್ಯೂಟರುಗಳು ಅವು. ಗ್ರಹಣ ಎಂದಿದ್ದರೆ ರತ್ನಕ್ಕ ಅವುಗಳ ಮೇಲೆ ದರ್ಭೆ ಹಾಕಿ, ಬೀಗ ಜಡಿದು, ಎರಡು ದಿನ ಆ ಕಡೆ ಯಾರೂ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದರು. ಬೇಕಾಗಿದ್ದದ್ದು ಒಂದೇ ಒಂದು ಮಾತು.

'ಮತ್ತೆ ಯಾಕೆ ಹೇಳಲಿಲ್ಲ?' ಎಂದು ಕೇಳಿದೆ. ಜೋರಾಗಿಯೇ ಕೇಳಿರಬೇಕು, ಹುಡುಗರೆಲ್ಲ ತಿರುಗಿ ನೋಡಿದರು.

ಗಂಗಾಧರಪ್ಪನವರಿಗೆ ಸಿಟ್ಟು ಬರಲಿಲ್ಲ. ಮಗುವಿಗೆ ತಿಳಿಹೇಳುವವರ ಹಾಗೆ ಹೇಳಿದರು: 'ನೋಡಿ ತಾಯಿ, ನಾವು ವೈರಸ್ ಮಾಡಿಲ್ಲ, ಬಿಟ್ಟಿಲ್ಲ. ಆ ಪಾಪ ನಮ್ಗೆ ಬೇಡ. ನಮ್ಮ ಗಿರಾಕಿಗಳಿಗೆಲ್ಲ ಹೇಳಿದ್ವಿ, ಅವ್ರದೆಲ್ಲ ಉಳೀತು. ಮಿಕ್ಕೋರಿಗೆ ಪ್ಯಾಕೇಜ್ ತಗೊಳ್ಳಿ ಅಂತ ಮನೆ ಬಾಗಿಲಿಗೆ ಬಂದು ಹೇಳಿದ್ವಿ. ತಾರೀಕು ಹೇಳ್ಬಿಟ್ರೆ ಏನಾಯ್ತದೆ? ಆ ಒಂದು ದಿವಸ ಸ್ವಿಚ್ ಹಾಕ್ದೆ ಕೂತ್ಕೋತಾರೆ. ಆಮೇಲೆ ನಮ್ಮ ಪ್ಯಾಕೇಜ್ ಯಾರಿಗೆ ಬೇಕು, ನೀವೇ ಹೇಳಿ.'

ಉಮೇಶ ಮೂಲೆಯಲ್ಲಿ ನಿಂತಿದ್ದ. ಮುಖ ಕಪ್ಪಿಟ್ಟಿತ್ತು. ಅವನು ಬಾಗಿಲಲ್ಲಿ ತಿರುಗಿ ನಿಂತದ್ದು ಯಾಕೆಂದು ಆಗ ತಿಳಿಯಿತು. ಕೆಳಗಿಳಿದು ಬಂದು ಮಂಡಿಯ ಮುಂದಿನ ಚರಂಡಿಗೆ ಎಲ್ಲ ವಾಂತಿ ಮಾಡಿಕೊಂಡೆ. ಕೊಬ್ಬರಿ ಚೀಲ ಹೊರುತ್ತಿದ್ದವರು ನೀರು ತಂದುಕೊಟ್ಟರು.

ವೈರಸ್ಸನ್ನು ಅವರೇ ಹುಟ್ಟಿಸುತ್ತಾರೆ ಎಂದು ರತ್ನಕ್ಕ ಸಾಯುವ ತನಕ ನಂಬಿದ್ದರು. ನಾನು ಇವತ್ತಿಗೂ ಹಾಗೆನ್ನುವುದಿಲ್ಲ. ಅದಕ್ಕೆ ಸಾಕ್ಷಿ ನನ್ನ ಹತ್ತಿರ ಇಲ್ಲ, ಇದೆ ಎಂದವರನ್ನೂ ನಾನು ಕಂಡಿಲ್ಲ. ಹುಟ್ಟಿಸಿದ್ದರೆ ಅವರನ್ನು ಕಳ್ಳರೆಂದು ಬೈದು ನೆಮ್ಮದಿಯಾಗಿ ಇರಬಹುದಿತ್ತು. ಯಾವನೋ ಹಚ್ಚಿದ ಬೆಂಕಿ ಯಾವ ದಿನ ಯಾವ ಮನೆಗೆ ತಗಲುತ್ತದೆಂದು ಗೊತ್ತಿದ್ದೂ, ನೀರಿನ ಕೊಡ ಮಾರಲು ಬಂದವರು ಅವರು. ಅವರಲ್ಲಿ ಒಬ್ಬರೂ ಕೆಟ್ಟವರ ಹಾಗೆ ಕಾಣಲಿಲ್ಲ ಎನ್ನುವುದೇ ನನ್ನನ್ನು ಇನ್ನೂ ದಂಗುಬಡಿಸುತ್ತದೆ. ಗಂಗಾಧರಪ್ಪ ನನಗೆ ಬಸ್ಸಿಗೆ ಹೊತ್ತಾಗುತ್ತದೆಂದು ಒಬ್ಬ ಹುಡುಗನ ಕೈಲಿ ಕೊಡೆ ಕೊಟ್ಟು ಸ್ಟ್ಯಾಂಡಿನ ತನಕ ಕಳಿಸಿದ್ದರು!

ಪ್ಯಾಕೇಜನ್ನು ರತ್ನಕ್ಕ ಕೊಂಡರು. ಕೊಳ್ಳದೆ ಬೇರೆ ದಾರಿಯಿರಲಿಲ್ಲ, ಸೆಂಟರ್ ನಡೆಯಬೇಕಲ್ಲ. ಮುಂದಿನ ವಾರ ಉಮೇಶನೇ ಹಾಕಲು ಬಂದ. ಆವತ್ತು ಯಾರೂ ಅವನಿಗೆ ಕಾಫಿ ಕೊಡಲಿಲ್ಲ. ಅವನೂ ತಲೆಯೆತ್ತದೆ ಕೆಲಸ ಮಾಡುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಶಿವನಂಜಪ್ಪನವರು. ಇವತ್ತು ಔಷಧಿ ಹಾಕುತ್ತಾರೆಂದು ಮಗ ಯಾರಿಂದಲೋ ಕೇಳಿ ಹೇಳಿದ್ದನಂತೆ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿತ್ತು, ಅದು ಉಸಿರಿಗೆ ಸರಿಯಾಗಿ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು, ನಮಗೆಲ್ಲ ಕೈಮುಗಿದು, ನನ್ನ ಪಕ್ಕ ಕುಳಿತರು. ರತ್ನಕ್ಕ ಒಳಗೆ ಹೋಗಿಬಿಟ್ಟರು.

ಪರದೆಯ ಮೇಲೆ ಹಸಿರು ಗೆರೆಯೊಂದು ನಿಧಾನಕ್ಕೆ ತುಂಬುತ್ತಾ ಹೋಯಿತು. ಅವರು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಗೆರೆ ಕೊನೆ ಮುಟ್ಟಿ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಏನೆಂದು ಕಣ್ಣಲ್ಲೇ ಕೇಳಿದರು. 'ವೈರಸ್ ಇಲ್ಲ' ಎಂದ ಉಮೇಶ, ಮೆಲ್ಲಗೆ.

ಅವರ ಮುಖ ಅರಳಿತು. ಎದ್ದು ಹೋಗಿ ಉಮೇಶನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ ಬಂದು ಕುಳಿತು, ಕಿವಿಯ ಹಿಂದೆ ಅಂಗೈ ಹಿಡಿದು, ನನ್ನ ಕಡೆ ವಾಲಿ, ಮೊದಲಿಂದ ಓದು ಎಂದು ಸನ್ನೆ ಮಾಡಿದರು.

ನಾನು ಓದಲಿಲ್ಲ. ಕೈ ಕೀಲಿಮಣೆಯ ಮೇಲೆ ಹಾಗೇ ಇತ್ತು. ಅವರು ಕಾಯುತ್ತಿದ್ದರು. ಉಮೇಶ ತಡೆಯಲಾರದೆ ಅವರ ಮುಂದೆ ಬಂದು ನಿಂತ.

'ಯಜಮಾನ್ರೇ, ಅದ್ರೊಳಗೆ ಏನೂ ಇಲ್ಲ. ಎಲ್ಲಾ ಅಳಿಸೋಗೈತೆ. ಆವತ್ತು ಸ್ವಿಚ್ ಹಾಕ್ಬೇಡಿ ಅಂತ ನಾನೊಂದು ಮಾತು ಹೇಳಿದ್ರೆ ಉಳೀತಿತ್ತು. ಹೇಳ್ಲಿಲ್ಲ.'

ಶಿವನಂಜಪ್ಪನವರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಕಿವಿಯ ಹಿಂದಿನ ಕೈ ಇಳಿಯಿತು. ಆಪರೇಶನ್ ಆದದ್ದೇ ಮರೆತುಹೋಯಿತೋ ಏನೋ, ಬಾಯಿ ತೆರೆದು ಅವನಿಗೆ ಏನನ್ನೋ ಹೇಳಿದರು. ಒಂದೇ ಮಾತಲ್ಲ, ಬಹಳ ಹೊತ್ತು ಹೇಳಿದರು. ತುಟಿ ಆಡಿತು, ಕೈ ಆಡಿತು, ಕಣ್ಣಲ್ಲಿ ನೀರು ಬಂತು. ಕುತ್ತಿಗೆಯ ಪಟ್ಟಿಯ ಕೆಳಗಿನಿಂದ ಬರೀ ಗಾಳಿ ಬರುತ್ತಿತ್ತು. ಬೈದರೋ, ಬಿಡು ಎಂದರೋ, ಆನೆಗಳ ಸಾಲನ್ನೇ ಮೊದಲಿಂದ ಹೇಳಿದರೋ, ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.